ಮೂರನೇ ಸಾಲಿನ ತಗಡು

ನನ್ನ ನಾಲಿಗೆ ಉದ್ದ. ಇದನ್ನು ನಾನೇ ಹೇಳಬೇಕಾಗಿಲ್ಲ, ನಮ್ಮ ಗೇಟಿನ ಕಿಟಕಿಯಲ್ಲಿ ಒಮ್ಮೆ ಟಿಕೆಟ್ ತೆಗೆದುಕೊಂಡ ಯಾರನ್ನು ಕೇಳಿದರೂ ಹೇಳುತ್ತಾರೆ. ರಾಷ್ಟ್ರೀಯ ಉದ್ಯಾನದ ಗೇಟು ಅದು. ಒಳಗೆ ಕಾಡು, ಕಾಡಿನೊಳಗೆ ನಡೆದು ಹೋಗುವವರಿಗೆ ಐದು ದಾರಿ. ಆ ಕಿಟಕಿಯ ಹಿಂದೆ ಕೂತು ಹನ್ನೊಂದು ವರ್ಷವಾಯಿತು. ಚಿಲ್ಲರೆ ಇಲ್ಲ ಅಂದವರಿಗೆ, ಒಳಗೆ ಪ್ರಾಣಿ ಗ್ಯಾರಂಟಿ ಕಾಣುತ್ತಾ ಅಂದವರಿಗೆ, ಎಲ್ಲರಿಗೂ ನನ್ನ ಹತ್ತಿರ ಒಂದೊಂದು ಉತ್ತರ ತಯಾರಿರುತ್ತಿತ್ತು. ಇಂಥ ನಾಲಿಗೆ, ಒಂದೇ ಒಂದು ಮಾತು ಆಡಲೇಬೇಕಾದ ಕಡೆ ಮೂರು ತಿಂಗಳು ಮಲಗಿಬಿಟ್ಟಿತ್ತು. ಹೇಳಲು ಕೂತರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ.

ಆ ಮಾತು ಹೇಳಬೇಕಾಗಿದ್ದದ್ದು ಒಬ್ಬ ಟೈಲರಿಗೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕೀಲಿ ಮಾಡುವವನ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಅವರದೊಂದು ಕೋಣೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತವೆ, ಅಷ್ಟೇ ಅಗಲ. ಕಾಲಲ್ಲಿ ತುಳಿಯುವ ಹಳೇ ಮೆಷಿನ್ನು. ಮೋಟಾರ್ ಹಾಕಿಸಿ ಅಂದರೆ, "ಹಾಕಿಸ್ಬಹುದು, ಆಮೇಲೆ ನನ್ನ ಕಾಲು ಏನ್ ಮಾಡ್ಬೇಕು?" ಅನ್ನುತ್ತಿದ್ದರು. ವಯಸ್ಸು ಅರವತ್ತಾರು. ಕೊರಳಲ್ಲಿ ಸದಾ ಅಳತೆಯ ಟೇಪು. ಅದನ್ನು ತೆಗೆಯುವುದು ಮರೆತು ಕಾಡಿಗೂ ಹಾಗೇ ಬಂದುಬಿಡುತ್ತಿದ್ದರು. ಅದಕ್ಕೇ ನಾನು ಅವರಿಗೆ 'ಇಂಚುಪಟ್ಟಿ' ಅಂತ ಹೆಸರಿಟ್ಟಿದ್ದೆ. ಬೆನ್ನ ಹಿಂದೆ, ಮತ್ತೆ.

ಅವರ ಕಣ್ಣು ಹೆಸರುವಾಸಿ. ಮೆಷಿನ್ನಿನ ಹಿಂದಿನ ಗೋಡೆಯ ತುಂಬ ಮೊಳೆ, ಮೊಳೆಗೊಂದು ದಾರದ ಉಂಡೆ, ನೂರಕ್ಕೂ ಹೆಚ್ಚು. ಹರಿದ ಕೋಟು ತಂದು ಮುಂದೆ ಹಿಡಿದರೆ ಒಂದು ಸಲ ನೋಡುತ್ತಿದ್ದರು, ಕೈ ನೇರ ಅದೇ ಬಣ್ಣದ ಉಂಡೆಗೆ ಹೋಗುತ್ತಿತ್ತು. ಬೇರೆ ಟೈಲರುಗಳ ಹಾಗೆ ಬೆಳಕಿಗೆ ಹಿಡಿದು ಅದೋ ಇದೋ ಅಂತ ಹೋಲಿಸುವುದಿಲ್ಲ. ಹೊಲಿದ ಮೇಲೆ ಹರಿದ ಜಾಗ ಎಲ್ಲಿತ್ತು ಅಂತ ಕೋಟಿನ ಯಜಮಾನನೇ ಹುಡುಕಬೇಕು. ಯಾರಾದರೂ ಹೊಗಳಿದರೆ, "ಕಣ್ಣು ಇರೋದೇನು, ಕನ್ನಡಕದ ಶೋಕಿಗಾ?" ಅಂದುಬಿಡುತ್ತಿದ್ದರು.

ಬುಧವಾರ ಅಂಗಡಿಗೆ ರಜೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ನಮ್ಮ ಗೇಟಿನಲ್ಲಿ ಹಾಜರು. ಹೆಂಡತಿ ತೀರಿಕೊಂಡ ವರ್ಷ ಶುರುವಾದ ಅಭ್ಯಾಸವಂತೆ. "ವಾರವೆಲ್ಲ ಎಷ್ಟು ತುಳಿದ್ರೂ ಇದ್ದಲ್ಲೇ ಇರ್ತೀನಲ್ಲಮ್ಮ. ಒಂದು ದಿನವಾದ್ರೂ ಈ ಕಾಲು ನನ್ನ ಮುಂದಕ್ಕೆ ಕರ್ಕೊಂಡು ಹೋಗ್ಲಿ" ಅಂತ ಒಂದು ಸಲ ಅಂದಿದ್ದರು. ಮನೆಯಲ್ಲಿ ಒಬ್ಬಳೇ ಮಗಳು. ಪಕ್ಕದ ಔಷಧಿ ಅಂಗಡಿಯಲ್ಲೇ ಕೆಲಸ ಮಾಡುತ್ತಾಳೆ. ಅಪ್ಪ ಒಂಟಿಯಾಗಿ ಕಾಡಿಗೆ ಹೋಗುವುದು ಅವಳಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. "ನಾನು ಬೋರ್ಡು ಓದದೆ ಒಳಗೆ ಕಾಲಿಡಲ್ಲ" ಅನ್ನುವ ಒಂದೇ ಮಾತಿನ ಮೇಲೆ ಅವರು ಆ ಬುಧವಾರಗಳನ್ನು ಉಳಿಸಿಕೊಂಡಿದ್ದರು.

ಬೋರ್ಡಿನ ವಿಷಯ ಹೇಳಬೇಕು. ಗೇಟಿನ ಪಕ್ಕ ದೊಡ್ಡದೊಂದು ಮರದ ಬೋರ್ಡಿದೆ. ಐದು ದಾರಿಗೆ ಐದು ಸಾಲು, ಸಾಲಿನ ಕೊನೆಯಲ್ಲಿ ಕೊಕ್ಕೆ, ಕೊಕ್ಕೆಗೆ ಅಂಗೈ ಅಗಲದ ತಗಡು. ಹಸಿರಿದ್ದರೆ ಹೋಗಬಹುದು, ಹಳದಿ ಇದ್ದರೆ ಹುಷಾರು, ಕೆಂಪಿದ್ದರೆ ದಾರಿ ಮುಚ್ಚಿದೆ. ಅದನ್ನು ಅಷ್ಟು ಎತ್ತರಕ್ಕೆ ಜಡಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಮೇಲಿನ ಮೂರು ಸಾಲಿನ ತಗಡು ಬದಲಿಸಬೇಕಾದರೆ ನನಗೆ ಸ್ಟೂಲು ಬೇಕು. ತಾರೀಕು ಮಾತ್ರ ಕೆಳಗೆ, ಎದೆಮಟ್ಟಕ್ಕೆ. ಕ್ಯಾಲೆಂಡರಿನ ಹಾಗೆ ತಿರುಗಿಸುವ ಅಂಕಿಗಳು, ಓಡಾಡುತ್ತಲೇ ಒಂದು ಕೈಯಲ್ಲಿ ತಿರುಗಿಸಬಹುದು.

ಕಾಡು ಸುತ್ತುವ ವಾಚರುಗಳು ಬೆಳಿಗ್ಗೆ ಏಳೂವರೆಯೊಳಗೆ ಫೋನ್ ಮಾಡಿ ಯಾವ ದಾರಿ ಹೇಗಿದೆ ಅಂತ ಹೇಳಬೇಕು. ಫೋನ್ ಬರದಿದ್ದರೆ? ನಿನ್ನೆ ಇದ್ದ ಹಾಗೇ ಇದೆ ಅಂತ ಲೆಕ್ಕ. ತಗಡು ಮುಟ್ಟುವುದಿಲ್ಲ, ತಾರೀಕು ಮಾತ್ರ ಬದಲಿಸುತ್ತೇವೆ. ಇದಕ್ಕೆ ನಮ್ಮಲ್ಲಿ 'ತಾರೀಕು ತಿರುಗಿಸೋದು' ಅಂತಲೇ ಹೆಸರು. ನನಗೆ ಕೆಲಸ ಕಲಿಸಿಕೊಟ್ಟವರು ಹಾಗೇ ಕಲಿಸಿದ್ದು. ಒಂದೊಂದು ದಾರಿಗೆ ನಾಲ್ಕು ದಿನ ಯಾರೂ ಹೋಗದಿದ್ದರೂ ಬೋರ್ಡಿನಲ್ಲಿ ಮಾತ್ರ ಸುದ್ದಿ ಇವತ್ತಿನದು. ಇನ್ನೂ ಒಂದು ಹೇಳಿಬಿಡುತ್ತೇನೆ, ಹೇಗೂ ಮಾನ ಹೋಗಿದೆ. ಹನ್ನೊಂದು ವರ್ಷ ದಾರಿಗಳ ಸುದ್ದಿ ಹಾಕಿದ ನಾನು ಆ ಐದರಲ್ಲಿ ಒಂದರಲ್ಲೂ ಪೂರ್ತಿ ನಡೆದವಳಲ್ಲ. ಗೇಟಿನಿಂದ ಕಾಣುವ ಮೊದಲ ತಿರುವಿನವರೆಗೆ ಹೋಗಿದ್ದೆ, ಅದೂ ಫೋನಿಗೆ ಸಿಗ್ನಲ್ ಹುಡುಕಿಕೊಂಡು.

ಬೋರ್ಡು ಓದುವವರು ನೂರಕ್ಕೊಬ್ಬರು. ಟೈಲರು ಆ ಒಬ್ಬರು. ತಾವು ಹೋಗುವ ದಾರಿ ಮಾತ್ರವಲ್ಲ, ಐದೂ ಸಾಲನ್ನು ತುಟಿ ಆಡಿಸುತ್ತ ಓದುತ್ತಿದ್ದರು. ಆಮೇಲೆ ಕಿಟಕಿಗೆ ಬಂದು ಪ್ರತಿ ವಾರ ಅದೇ ಪ್ರಶ್ನೆ: "ಅಮ್ಮಾ, ಬೋರ್ಡು ಇವತ್ತಿಂದೇನಾ?" ವಾಪಸ್ ಬರುವಾಗ ವರದಿ ಬೇರೆ. ನಾಲ್ಕನೇ ದಾರಿಗೆ ಮರ ಅಡ್ಡ ಬಿದ್ದಿದೆ, ಒಂದನೇ ದಾರಿಯ ಮೆಟ್ಟಿಲಲ್ಲಿ ಪಾಚಿ, ಬರ್ಕೊಳಿ. "ಅಳತೆ ತಗೊಳ್ದೆ ಬಟ್ಟೆ ಕತ್ತರಿಸೋದೂ, ಬೋರ್ಡು ಓದ್ದೆ ಕಾಡಿಗೆ ಹೋಗೋದೂ ಒಂದೇ" ಅನ್ನುತ್ತಿದ್ದರು. ನನಗೋ ಮೈಯೆಲ್ಲ ಉರಿ. ಸಂಬಳವಿಲ್ಲದ ಸಾಹೇಬ ಇವರೊಬ್ಬರು ಅಂತ ಗೊಣಗಿಕೊಂಡು, ಅವರು ಬೆನ್ನು ತಿರುಗಿಸಿದ ಮೇಲೆ ಬರೆದದ್ದನ್ನು ಮುದುರಿ ಬುಟ್ಟಿಗೆ ಹಾಕಿದ್ದೂ ಉಂಟು.

ಆ ಬುಧವಾರ ಏಳೂಕಾಲಿಗೆ ವಾಚರ್ ಫೋನ್ ಮಾಡಿದ.

"ಅಕ್ಕಾ, ಮೂರನೇ ದಾರಿ, ಎರಡನೇ ಕಾಲುಸೇತುವೆ. ಮೇಲಿಂದ ನೋಡಿದ್ರೆ ಹಲಗೆ ಚೆನ್ನಾಗೇ ಇದೆ, ಕೆಳಗಿನ ತೊಲೆ ಕೊಳೆತುಹೋಗಿದೆ. ಕಾಲಿಟ್ಟೆ, ಕುಸೀತು, ಹಿಂದಕ್ಕೆ ಹಾರ್ಕೊಂಡೆ. ನಾನು ಆಚೆ ದಡದಲ್ಲಿದೀನಿ, ಇಲ್ಲಿ ಹಗ್ಗ ಕಟ್ಟಿದೀನಿ. ನಿಮ್ಮ ಕಡೆಯಿಂದ ಬರೋರಿಗೆ ಬೋರ್ಡೇ ಗತಿ. ಕೆಂಪು ಹಾಕ್ಬಿಡಿ. ನಾನು ಬಡಗಿ ಕರ್ಕೊಂಡು ಬರೋಕೆ ಹೋಗ್ತಿದೀನಿ."

"ಹಾಕ್ತೀನಿ ಬಿಡೋ. ನಂಗೇನು ಹೊಸದಾ?" ಅಂದೆ.

ಸ್ಟೂಲು ಒಳಗಿನ ಕೋಣೆಯಲ್ಲಿತ್ತು, ಪೇಂಟಿನ ಡಬ್ಬಗಳ ಹಿಂದೆ. ಅಷ್ಟರಲ್ಲಿ ಒಂದು ವ್ಯಾನು ಬಂತು, ಹದಿನೆಂಟು ಜನ ಇಳಿದರು, ಕಿಟಕಿಗೆ ಮುತ್ತಿಕೊಂಡರು. ಗೇಟಿನ ಬೀಗ ತೆಗೆಯಲು ಹೋದವಳು ಬರುತ್ತಾ ಕೈಗೆ ಸಿಕ್ಕ ತಾರೀಕು ತಿರುಗಿಸಿದೆ. ತಗಡು ಆಮೇಲೆ ಅಂದುಕೊಂಡೆ.

ಟೈಲರು ಬಂದರು. ಐದೂ ಸಾಲು ಓದಿದರು. ಮೂರನೇ ಸಾಲಿನಲ್ಲಿ ಹಸಿರು ತಗಡು ನೇತಾಡುತ್ತಿತ್ತು. ಗುಂಪಿನ ಹಿಂದಿನಿಂದ ಕೊರಳುದ್ದ ಮಾಡಿ ಕೇಳಿದರು. "ಅಮ್ಮಾ, ಬೋರ್ಡು ಇವತ್ತಿಂದೇನಾ?"

"ತಾರೀಕು ಕಾಣಲ್ವಾ ಯಜಮಾನ್ರೇ? ನಿಮ್ಮ ಕಣ್ಣು ಏನು ದಾರದ ಉಂಡೆಗೆ ಮಾತ್ರಾನಾ?"

ಸಾಲಲ್ಲಿದ್ದವರು ನಕ್ಕರು. ಅವರೂ ನಕ್ಕು, ಟೇಪು ಸರಿ ಮಾಡಿಕೊಂಡು ಒಳಗೆ ಹೋದರು.

ಆ ಹೊತ್ತಿನಲ್ಲಿ ವಾಚರಿನ ಫೋನು ಮರೆತೇ ಹೋಗಿತ್ತು ಅಂತ ಹೇಳಿದರೆ ನನಗೆ ಸುಲಭ. ಮರೆತಿರಲಿಲ್ಲ. ಟೈಲರು ಹೋದ ವಾರ ಮೂರನೇ ದಾರಿಗೆ ಹೋಗಿದ್ದರು, ಈ ವಾರ ಬೇರೆಯದಕ್ಕೆ ಹೋಗುತ್ತಾರೆ, ಎರಡು ನಿಮಿಷ ಬಿಟ್ಟು ಕೆಂಪು ಹಾಕಿದರಾಯಿತು ಅಂತ ನಾನೇ ಲೆಕ್ಕ ಹಾಕಿಕೊಂಡೆ. ಎಲ್ಲರೆದುರು ಹಾಗೆ ಚುಚ್ಚಿದ ಮೇಲೆ, ತಡೀರಿ ಬೋರ್ಡು ತಪ್ಪಿದೆ ಅಂತ ಕೂಗಲು ಬಾಯಿ ಬರಲಿಲ್ಲ. ಆಮೇಲೆ ಚಹಾ ಬಂತು. ಚಹಾದ ಜೊತೆ ಮರೆವೂ ಬಂತು.

ಹನ್ನೊಂದರ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಏದುಸಿರು ಬಿಡುತ್ತ ಓಡಿ ಬಂದರು. ಅವರು ಆಚೆ ಗೇಟಿನಿಂದ ಕಾಡಿಗೆ ಬಂದವರು, ಹಗ್ಗ ಕಂಡು ಹಳ್ಳಕ್ಕಿಳಿದು ಈಚೆಗೆ ದಾಟಿದ್ದರಂತೆ. "ಮೂರನೇ ದಾರೀಲಿ ವಯಸ್ಸಾದವ್ರೊಬ್ರು ಸೇತುವೆಯಿಂದ ಕೆಳಗೆ ಬಿದ್ದಿದಾರೆ. ಎರಡು ಗಂಟೆಯಿಂದ ಕೂಗ್ತಾ ಇದ್ರಂತೆ. ಕೊರಳಲ್ಲಿ ಟೇಪಿದೆ" ಅಂದರು.

ನಾನು ಮೊದಲು ಏನು ಮಾಡಿದೆ ಗೊತ್ತೇ? ಆಂಬುಲೆನ್ಸಿಗೆ ಫೋನ್ ಮಾಡಲಿಲ್ಲ. ಅವರಿಬ್ಬರನ್ನು ನೀರು ಕುಡಿಯಲು ಕೂರಿಸಿ, ಒಳಗಿನ ಕೋಣೆಗೆ ಹೋದೆ. ಪೇಂಟಿನ ಡಬ್ಬ ಸರಿಸಿದೆ. ಸ್ಟೂಲು ತಂದೆ. ಹಸಿರು ತಗಡು ತೆಗೆದು ಕೆಂಪು ಹಾಕಿದೆ. ಕೊಕ್ಕೆ ಎರಡು ಸಲ ತಪ್ಪಿತು. ಫೋನ್ ಮಾಡಿದ್ದು ಆಮೇಲೆ.

ನಮ್ಮ ರೇಂಜರ್ ಸಾಹೇಬರು ಜೀಪಿನಲ್ಲಿ ಬಂದರು. ಸ್ಟ್ರೆಚರು ಹೊರಗೆ ಬರುವ ಹೊತ್ತಿಗೆ ಮಧ್ಯಾಹ್ನ. ಟೈಲರ ಬಲಗಾಲಿನ ಕಣಕಾಲು ಊದಿ ಕುಂಬಳಕಾಯಿಯಾಗಿತ್ತು. ಬೋರ್ಡಿನ ಮುಂದೆ ಬಂದಾಗ ಅವರು ತಲೆ ಎತ್ತಿ ನೋಡಿದರು. ನೋಡುತ್ತಲೇ ಇದ್ದರು.

"ಮೂರನೇದು... ಕೆಂಪಾ?"

"ಏನ್ರೀ ಯಜಮಾನ್ರೇ, ಇಷ್ಟು ದೊಡ್ಡ ಕೆಂಪು ತಗಡು ಕಾಣ್ಲಿಲ್ವಾ?" ಅಂತ ಸಾಹೇಬರು ರೇಗಿದರು. ನನ್ನ ಕಡೆ ತಿರುಗಿ, "ಯಾವಾಗ ಹಾಕಿದ್ದಮ್ಮ ಇದನ್ನ?" ಅಂದರು.

ಸ್ಟ್ರೆಚರು ಹೊತ್ತು ತಂದಿದ್ದ ವಾಚರ್ ನನಗಿಂತ ಮೊದಲು ಬಾಯಿ ಹಾಕಿದ. "ಏಳೂಕಾಲಿಗೇ ಹೇಳಿದ್ದೆ ಸರ್. ಅಕ್ಕ ಆಗ್ಲೇ ಹಾಕಿದ್ರು, ಅಲ್ವಾ ಅಕ್ಕಾ?"

"ಹೂಂ. ಬೆಳಿಗ್ಗೆಯಿಂದ ಕೆಂಪೇ ಇದೆ" ಅಂದೆ.

ಟೈಲರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಅನುಮಾನ ಕೂಡ ಇರಲಿಲ್ಲ. ನಾನು ಸುಳ್ಳು ಹೇಳಬಹುದು ಅನ್ನುವುದು ಅವರ ತಲೆಗೇ ಹೊಳೆಯಲಿಲ್ಲ. ಕನ್ನಡಕ ತೆಗೆದು, ಮಲಗಿದ್ದಲ್ಲೇ ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಬೋರ್ಡು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಭೂಮಿ ಬಾಯಿ ಬಿಡಬಾರದೇ ಅಂತ ಕಥೆಗಳಲ್ಲಿ ಓದಿದ್ದೆ. ಬಾಯಿ ಬಿಡುವುದಿಲ್ಲ. ನಾನು ಟಿಕೆಟ್ ಕೊಡಲು ವಾಪಸ್ ಕಿಟಕಿಗೆ ಹೋದೆ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅಂತಾರಲ್ಲ, ಹಾಗಾಯಿತು. 'ಎಚ್ಚರಿಕೆ ಫಲಕವನ್ನು ನಿರ್ಲಕ್ಷಿಸಿ ತಾವಾಗಿಯೇ ಅಪಾಯ ತಂದುಕೊಂಡಿದ್ದಾರೆ' ಅಂತ ಸಾಹೇಬರು ವರದಿ ಬರೆದರು. ಇನ್ನು ಮುಂದೆ ಅವರನ್ನು ಒಂಟಿಯಾಗಿ ಒಳಗೆ ಬಿಡಬಾರದು ಅಂತ ಚೀಟಿ ಬರೆದು ನನ್ನ ಕಿಟಕಿಗೇ ಅಂಟಿಸಿದರು. ದಿನಾ ಆ ಚೀಟಿ ನೋಡಿಕೊಂಡೇ ಕೂತಿರುತ್ತಿದ್ದೆ. ಬಸ್ ನಿಲ್ದಾಣದಲ್ಲಿ ಜನ ಆಡಿಕೊಂಡರು. ಊರಿಗೆಲ್ಲ ಬೋರ್ಡು ಓದಿ ಅಂತ ಹೇಳೋರು ತಾವೇ ಓದದೆ ಬಿದ್ದರಂತೆ! ಮಗಳು ಅವರ ನಡಿಗೆಯ ಬೂಟನ್ನು ಔಷಧಿ ಅಂಗಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಅವರು ಆಸ್ಪತ್ರೆಯಿಂದ ಬಂದರು, ಪ್ಲಾಸ್ಟರ್ ಬಿಚ್ಚಿದರು, ಅಂಗಡಿ ತೆರೆದರು ಅಂತೆಲ್ಲ ಕೇಳುತ್ತಿದ್ದೆ. ನಾನು ಮಾತ್ರ ಆ ಬೀದಿ ಬಿಟ್ಟು ಸುತ್ತುಬಳಸಿ ಮನೆಗೆ ಹೋಗುತ್ತಿದ್ದೆ. ನಮ್ಮಮ್ಮನ ಕಣ್ಣಿಗೆ ಏನೂ ತಪ್ಪುವುದಿಲ್ಲ. "ಏನೇ, ಯಾರ ಮುಖ ತಪ್ಪಿಸ್ಕೊಂಡು ಓಡಾಡ್ತಿದೀಯಾ?" ಅಂದಳು. "ನಿಂಗೇನು ಗೊತ್ತು, ಸುಮ್ನಿರು" ಅಂತ ಬಾಯಿ ಮುಚ್ಚಿಸಿದೆ. ಮಾತಿನಲ್ಲಿ ಬಾಯಿ ಮುಚ್ಚಿಸುವುದು ನನಗೆ ನೀರು ಕುಡಿದಷ್ಟು ಸಲೀಸು.

ಮೂರನೇ ತಿಂಗಳಿಗೆ ನನ್ನ ಸಮವಸ್ತ್ರದ ಪ್ಯಾಂಟು ಸೊಂಟಕ್ಕೆ ಹತ್ತದಾಯಿತು. ಚಿಂತೆಯಲ್ಲಿ ಜನ ಸೊರಗುತ್ತಾರಂತೆ, ನಾನು ದಪ್ಪಗಾಗಿದ್ದೆ. ನಮ್ಮ ಸಮವಸ್ತ್ರವೆಲ್ಲ ಹೊಲಿಯುವುದು ಅವರೇ, ಒಳಗಿನ ಹೊಲಿಗೆ ಬಿಚ್ಚಿ ಅಗಲ ಮಾಡಲು ಬೇರೆಯವರಿಗೆ ಬರುವುದಿಲ್ಲ. ಕಡೆಗೂ ಹೋದೆ.

ಅವರು ಎಡಗಾಲಿನಲ್ಲಿ ಮೆಷಿನ್ ತುಳಿಯುತ್ತಿದ್ದರು. ಬಲಗಾಲು ಒಂದು ಡಬ್ಬದ ಮೇಲೆ. "ಬನ್ನಿ ಅಮ್ಮಾ, ಕೂತ್ಕೊಳಿ" ಅಂತ ಸ್ಟೂಲು ತೋರಿಸಿದರು. ಸ್ಟೂಲು ಕಂಡರೇ ನನಗೆ ಆಗದ ಕಾಲ ಅದು, ನಿಂತೇ ಇದ್ದೆ. ಆಗ ಗೋಡೆ ನೋಡಿದೆ. ಪ್ರತಿ ದಾರದ ಉಂಡೆಗೂ ಒಂದು ಚೀಟಿ. ಹಸಿರು. ಕಡುಹಸಿರು. ಕೆಂಪು. ಕಂದು. ಮಗಳ ಅಕ್ಷರ.

ಅವರು ನನ್ನ ಕಂದು ಪ್ಯಾಂಟನ್ನು ಮಡಿಲಲ್ಲಿ ಹರಡಿದರು. ಡ್ರಾಯರಿನಿಂದ ಚೀಟಿ ಇಲ್ಲದ ಎರಡು ಉಂಡೆ ತೆಗೆದು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದರು.

"ಅಮ್ಮಾ, ಇವು ನಿನ್ನೆ ಬಂದಿದ್ದು, ಮಗಳು ಇನ್ನೂ ಬರೆದಿಲ್ಲ. ಇದರಲ್ಲಿ ಕಂದು ಯಾವುದು ಹೇಳಿ?"

ಒಂದು ಕಂದು, ಒಂದು ಹಸಿರು. ಸಣ್ಣ ಮಕ್ಕಳೂ ಹೇಳುತ್ತಾರೆ.

"ನಿಮಗೆ ಕಾಣ್ತಿಲ್ವಾ?" ಅಂದೆ.

"ಕಾಣುತ್ತೆ. ಎಡಗಡೇದು ಕಂದು ಅಂತ ಕಣ್ಣು ಹೇಳುತ್ತೆ. ಆದ್ರೆ ಅವತ್ತೂ ಕಣ್ಣು ಹಸಿರು ಅಂತ್ಲೇ ಹೇಳಿತ್ತಲ್ಲಮ್ಮ." ಅವರು ನಗಲು ನೋಡಿದರು. "ಕಣ್ಣಿನ ಡಾಕ್ಟ್ರು ಕಣ್ಣಲ್ಲಿ ಏನೂ ಇಲ್ಲ ಅಂದ್ರು. ಕಣ್ಣಲ್ಲಿ ಇಲ್ದಿದ್ರೆ ತಲೇಲಿರ್ಬೇಕು. ನಮ್ಮಪ್ಪನಿಗೂ ಕೊನೇಲಿ ಹೀಗೇ ಶುರುವಾಗಿತ್ತು, ಮಕ್ಕಳ ಗುರುತು ಸಿಗ್ತಿರ್ಲಿಲ್ಲ. ಮಗಳಿಗೆ ಇದನ್ನ ಹೇಳಿಲ್ಲ. ಇರೋ ಆರ್ಡರ್ ಮುಗಿಸಿ ಮೆಷಿನ್ ಕೊಟ್ಬಿಡೋಣ ಅಂತಿದೀನಿ."

ಈಗಲಾದರೂ ಬಾಯಿ ಬಿಡಬೇಕಿತ್ತಲ್ಲ? "ಎಡಗಡೇದೇ ಕಂದು" ಅಂದೆ. ಅಂದು, ಪ್ಯಾಂಟು ಅಲ್ಲೇ ಬಿಟ್ಟು, ಬೀದಿಗಿಳಿದೆ. ಕೀಲಿಯವನು ಏನೋ ಮಾತಾಡಿಸಿದ, ಕೇಳಿಸದವಳ ಹಾಗೆ ಬಂದೆ. ಥೂ ನನ್ನ ಜನ್ಮಕ್ಕೆ!

ಮನೆಗೆ ಬಂದು ಅಮ್ಮನ ಮುಂದೆ ಎಲ್ಲ ಕಕ್ಕಿದೆ. ತಗಡು, ಸ್ಟೂಲು, ಸ್ಟ್ರೆಚರು, ಚೀಟಿ. ಅಮ್ಮ ಬಟ್ಟೆ ಮಡಚುತ್ತ ಕೇಳಿದಳು. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

"ಕಾಲು ಮುರಿದಿದ್ದು ಸೇತುವೆ, ಅದು ಹಾಳಾಗ್ಲಿ" ಅಂದಳು. "ಆ ಮನುಷ್ಯನ ಕಣ್ಣು ಕಿತ್ತಿದ್ದು ನೀನು. ನನ್ನ ಮುಂದೆ ಯಾಕೆ ಅಳ್ತೀಯಾ? ಬೇರೆಯವ್ರ ಮೇಲೆ ಮಾರುದ್ದ ಆಡೋ ನಾಲಿಗೆ ಇದೆಯಲ್ಲ, ತಗೊಂಡು ಹೋಗು ಅಲ್ಲಿಗೆ."

ಮರುದಿನ ಸಂಜೆ ಹೋದೆ. ಮಗಳೂ ಅಲ್ಲೇ ಇದ್ದಳು, ಅಪ್ಪನಿಗೆ ಹೊಸ ಉಂಡೆಗಳಿಗೆ ಚೀಟಿ ಬರೆದುಕೊಡುತ್ತಿದ್ದಳು. ಬಾಗಿಲಲ್ಲಿ ನಿಂತೇ ಹೇಳಿದೆ. ದಾರಿಯುದ್ದಕ್ಕೂ ಚೆಂದವಾಗಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಗಿ, ಉಳಿದದ್ದು ಇಷ್ಟೇ: "ಅವತ್ತು ಹಸಿರೇ ಇತ್ತು. ನಿಮ್ಮ ಕಣ್ಣು ಸರಿಯಾಗಿತ್ತು. ನೀವು ಬಿದ್ದ ಸುದ್ದಿ ಬಂದ್ಮೇಲೆ ನಾನು ಕೆಂಪು ಹಾಕಿದ್ದು. ಸುಳ್ಳು ಹೇಳಿದೆ."

ಮಗಳ ಕೈಯ ಪೆನ್ನು ನಿಂತಿತು. ಟೈಲರು ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಮೊದಲ ಉಂಡೆಯ ಚೀಟಿ ಕಿತ್ತರು. ಎರಡನೆಯದು ಕಿತ್ತರು. ಸಾಲಾಗಿ ಕೀಳುತ್ತ ಹೋದರು.

"ಮೂರು ತಿಂಗಳು" ಅಂದರು, ನನ್ನ ಕಡೆ ನೋಡದೆ. "ಮೂರು ತಿಂಗಳು ಮಗಳ ಹತ್ರ ಬಣ್ಣ ಕೇಳಿದೀನಿ. ಬೆಳಿಗ್ಗೆ ಎದ್ದ ತಕ್ಷಣ ಇವಳ ಮುಖ ನೋಡಿ, ಹೆಸರು ನೆನಪಿದೆಯಾ ಅಂತ ನನ್ನನ್ನೇ ಕೇಳ್ಕೊಂಡಿದೀನಿ. ನಿನ್ನೆ ಉಂಡೆ ಹಿಡಿದು ನಿಮ್ಮನ್ನೇ ಕೇಳ್ದೆ. ಆಗ್ಲೂ ಹೇಳ್ಲಿಲ್ವಲ್ರೀ ನೀವು!"

"ತಪ್ಪಾಯ್ತು ಯಜಮಾನ್ರೇ."

ಅವರು ನನ್ನ ಪ್ಯಾಂಟು ತೆಗೆದು, ಅದನ್ನು ಆಗಲೇ ಬಿಚ್ಚಿದ್ದರು, ಬಿಚ್ಚಿದ ಹಾಗೇ ಮಡಚಿ ನನ್ನ ಕೈಗೆ ಕೊಟ್ಟರು. "ನಿಮ್ಮ ಬಟ್ಟೆ ನಾನು ಹೊಲಿಯಲ್ಲ. ಇದನ್ನ ನನಗೆ ಹೇಳಿದ್ರೆ ಸಾಲ್ದು. ಎಲ್ಲಿ ಸುಳ್ಳು ಹಾಕಿದ್ರೋ ಅಲ್ಲಿ ಹೇಳಿ."

ಮಗಳು ನನ್ನನ್ನು ದಾಟಿ ಔಷಧಿ ಅಂಗಡಿಗೆ ಹೋದಳು. ಬೀಗದ ಕೈ ಸದ್ದು ಕೇಳಿಸಿತು. ಬೂಟು ತಂದು ಅಪ್ಪನ ಪಕ್ಕ ಇಟ್ಟಳು. ನನಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಾಹೇಬರಿಗೆ ಹೇಳಿದಾಗ ಅವರು ಹಣೆ ಒತ್ತಿಕೊಂಡರು. "ಮುಗಿದ ಕಥೆ ಯಾಕೆ ಕೆದಕ್ತೀಯಮ್ಮ? ವರದಿ ಮೇಲೆ ಹೋಗಿದೆ." ಬರೆದುಕೊಂಡು ಹೋಗಿದ್ದ ಕಾಗದ ಅವರ ಮೇಜಿನ ಮೇಲಿಟ್ಟೆ. ಎರಡು ದಿನ ಬಿಟ್ಟು ನನಗೆ ಮೆಮೊ ಬಂತು, ಕಿಟಕಿಯ ಚೀಟಿ ಹೋಯಿತು. ಅದೇ ಸಂಜೆ ಸ್ಟೂಲು ಹಾಕಿಕೊಂಡು ಬೋರ್ಡಿನ ಮೂರನೇ ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ ಹಾಳೆ ಅಂಟಿಸಿದೆ. ತಾರೀಕು ಹಾಕಿ, ಆ ದಿನ ಬೆಳಿಗ್ಗೆ ಈ ಸಾಲಿನಲ್ಲಿ ಹಸಿರು ತಗಡೇ ಇತ್ತು, ಟೈಲರು ಓದಿದ್ದು ಸರಿ, ತಪ್ಪು ಹಾಕಿದ್ದೂ ಆಮೇಲೆ ಬದಲಿಸಿ ಸುಳ್ಳು ಹೇಳಿದ್ದೂ ಟಿಕೆಟ್ ಕಿಟಕಿಯವಳು, ಅಂದರೆ ನಾನು ಅಂತ. ಜನ ಓದಿ ನನ್ನ ಮುಖ ನೋಡಿ ಟಿಕೆಟ್ ತೆಗೆದುಕೊಂಡರು. ಅಷ್ಟು ವರ್ಷ ಬೋರ್ಡು ಓದದ ಜನ ಆ ಹಾಳೆಯನ್ನು ಮಾತ್ರ ಒಂದಕ್ಷರ ಬಿಡದೆ ಓದಿದರು. ವಾಚರ್ ಒಂದು ವಾರ ನನ್ನನ್ನು ಅಕ್ಕ ಅನ್ನಲಿಲ್ಲ. ಬಿಚ್ಚಿದ ಪ್ಯಾಂಟನ್ನು ಅಮ್ಮನೇ ಕೈಯಲ್ಲಿ ಹೇಗೋ ಹೊಲಿದುಕೊಟ್ಟಳು.

ಮುಂದಿನ ಬುಧವಾರ ಏಳೂಮುಕ್ಕಾಲಿಗೆ ಟೈಲರು ಬಂದರು. ಊರುಗೋಲು, ಬೂಟು, ಕೊರಳಲ್ಲಿ ಟೇಪು. ಜೊತೆಗೆ ಮಗಳು. ಹಾಳೆಯನ್ನು ಓದಿದರು. ಆಮೇಲೆ ಐದೂ ಸಾಲು, ತುಟಿ ಆಡಿಸುತ್ತ. ಕಿಟಕಿಗೆ ಬಂದರು.

"ಮೂರನೇ ದಾರಿಗೆ ಹೋಗ್ತೀನಿ. ಬೋರ್ಡು ಇವತ್ತಿಂದೇನಾ?"

ಹೌದು ಅನ್ನಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಅವತ್ತು ಬೆಳಿಗ್ಗೆ ಮೂರನೇ ದಾರಿಯಿಂದ ಫೋನ್ ಬಂದಿರಲಿಲ್ಲ. ನಿನ್ನೆಯೂ ಬಂದಿರಲಿಲ್ಲ. ಬೀಗ ತೆಗೆದು ಬರುವಾಗ ನನ್ನ ಕೈ ತಾನಾಗಿ ತಾರೀಕು ತಿರುಗಿಸಿತ್ತು. ಅಷ್ಟೆಲ್ಲ ಆದ ಮೇಲೆ, ನನ್ನ ಸುಳ್ಳನ್ನು ನಾನೇ ಬರೆದು ಅಂಟಿಸಿದ ಬೋರ್ಡಿನಲ್ಲೇ, ಮತ್ತೆ ತಿರುಗಿಸಿದ್ದೆ. ಆ ಹೊತ್ತು ಆದಷ್ಟು ನಾಚಿಕೆ ಸ್ಟ್ರೆಚರಿನ ದಿನವೂ ಆಗಿರಲಿಲ್ಲ.

"ಗೊತ್ತಿಲ್ಲ" ಅಂದೆ. "ತಾರೀಕು ಇವತ್ತಿಂದು, ಸುದ್ದಿ ಹಳೇದು. ಯಾರೂ ನೋಡಿಲ್ಲ."

"ಹಾಗಾದ್ರೆ?"

"ನೋಡ್ಕೊಂಡು ಬರ್ತೀನಿ."

"ನೀವಾ?"

"ನಾನೇ."

ಅವರು ಮಗಳ ಕಡೆ ನೋಡಿದರು. ಆಮೇಲೆ ಬೋರ್ಡಿನ ಎದುರಿನ ಬೆಂಚಿನಲ್ಲಿ ಕೂತು, ಊರುಗೋಲನ್ನು ಮೊಣಕಾಲಿನ ಮಧ್ಯೆ ಇಟ್ಟುಕೊಂಡರು. "ಕಾಯ್ತೀನಿ" ಅಂದರು.

ಮೂರನೇ ಸಾಲಿನ ಹಸಿರು ತಗಡು ತೆಗೆದು ಕೊಕ್ಕೆ ಖಾಲಿ ಬಿಟ್ಟೆ. ಕಿಟಕಿ ಮುಚ್ಚಿದೆ. ಸಾಲಲ್ಲಿದ್ದವರು ಗೊಣಗಿದರು, ಗೊಣಗಲಿ ಅಂತ ಹೊರಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ತಿರುವು ದಾಟಿದೆ. ದಾರಿ ನಾನು ಅಂದುಕೊಂಡಿದ್ದಕ್ಕಿಂತ ಕಡಿದು, ಅರ್ಧಕ್ಕೇ ಉಸಿರು ಸಿಕ್ಕಿಕೊಂಡಿತು. ಎರಡನೇ ಸೇತುವೆಗೆ ಮುಕ್ಕಾಲು ಗಂಟೆ ಬೇಕಾಯಿತು. ಹೊಸ ತೊಲೆ, ಹೊಸ ಹಲಗೆ. ಮೇಲಿಂದ ನೋಡಿದರೆ ಸಾಲದು ಅಂತ ವಾಚರ್ ಅವತ್ತೇ ಹೇಳಿದ್ದನಲ್ಲ. ದಡಕ್ಕಿಳಿದು, ಒದ್ದೆ ಕಲ್ಲಿನ ಮೇಲೆ ಮೊಣಕಾಲೂರಿ, ಬಗ್ಗಿ ಕೆಳಗಿನಿಂದ ತೊಲೆ ತಟ್ಟಿ ನೋಡಿದೆ. ಅವರು ಬಿದ್ದದ್ದು ಇದೇ ಕಲ್ಲುಗಳ ಮೇಲೆ. ಇಲ್ಲಿ ಮಲಗಿ ಎರಡು ಗಂಟೆ ಕೂಗಿದ್ದರು. ನಾನೂ ಒಂದು ಸಲ ಕೂಗಿ ನೋಡಿದೆ. ಹರಿಯುವ ನೀರಿನಲ್ಲಿ ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅಲ್ಲೇ ಕೂತು ಅತ್ತೆ. ನೋಡುವವರು ಯಾರೂ ಇರಲಿಲ್ಲ.

ವಾಪಸ್ ಬಂದಾಗ ಅವರು ಬೆಂಚಿನಲ್ಲೇ ಇದ್ದರು. ಬೆವರು ಒರೆಸಿಕೊಂಡು ವರದಿ ಒಪ್ಪಿಸಿದೆ. ಮೊದಲ ಸೇತುವೆ ಗಟ್ಟಿ, ಅದರಾಚೆ ಒಂದು ಕೊಂಬೆ ಬಿದ್ದಿತ್ತು, ಎಳೆದು ಹಾಕಿದೆ, ಎರಡನೇ ಸೇತುವೆಯ ಹಲಗೆ ಸರಿಯಾಗಿದೆ.

"ಕೆಳಗಿನ ತೊಲೆ?"

"ಬಗ್ಗಿ ನೋಡ್ದೆ. ತಟ್ಟಿ ನೋಡ್ದೆ. ಗಟ್ಟಿಯಾಗಿದೆ."

ನಾನು ಮತ್ತೆ ಸುಳ್ಳು ಹೇಳುತ್ತಿದ್ದೇನೋ ಅಂತ ಅವರು ನನ್ನ ಮುಖದಲ್ಲಿ ಹುಡುಕಿದರು. ಹುಡುಕಲಿ, ಆ ಹಕ್ಕು ಅವರಿಗಿದೆ. ಆಮೇಲೆ ಅವರ ಕಣ್ಣು ನನ್ನ ಕಂದು ಪ್ಯಾಂಟಿನ ಮೊಣಕಾಲಿಗೆ ಇಳಿದು ಅಲ್ಲೇ ನಿಂತಿತು. ಮಗಳು ಪಕ್ಕದಲ್ಲೇ ಇದ್ದಳು. ಅವರು ಅವಳ ಕಡೆ ತಿರುಗಲಿಲ್ಲ.

"ಹಸಿರು" ಅಂದರು. "ಪಾಚಿ ಹಸಿರು. ತೊಳೆದ್ರೆ ಹೋಗಲ್ಲ ಅದು."

ಊರುಗೋಲು ಊರಿ ಎದ್ದು, ಮಗಳ ಜೊತೆ ಮೂರನೇ ದಾರಿಗೆ ತಿರುಗಿದರು. ನಾನು ಸ್ಟೂಲು ತಂದು ಹಸಿರು ತಗಡು ಹಾಕಿದೆ. ಆ ಪ್ಯಾಂಟು ಆಮೇಲೆ ಎಷ್ಟು ಸಲ ಒಗೆದರೂ ಕಲೆ ಹೋಗಿಲ್ಲ, ಅದನ್ನೇ ಹಾಕಿಕೊಂಡು ಕಿಟಕಿಯಲ್ಲಿ ಕೂರುತ್ತೇನೆ.